ಸೋಮವಾರದ ಮೂವತ್ತು ಡಿಗ್ರಿ

ಗಡ್ಡಕ್ಕೂ ವಾರಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ನಾನು ನಮ್ಮ ಮನೆಯಲ್ಲಿ ಕನಿಷ್ಠ ನಲವತ್ತು ಸಲ, ಮೂರು ಬೇರೆ ಬೇರೆ ಧ್ವನಿಗಳಲ್ಲಿ, ಉದಾಹರಣೆ ಸಮೇತ ಸಾಬೀತು ಮಾಡಿದ್ದೇನೆ. ಗಡ್ಡದ ಕೂದಲಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ. ಸೋಮವಾರ ಬಂತೆಂದು ಅದು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಹಾಗಿರುವಾಗ ನಾನೇಕೆ ಬೋಳಿಸುವುದನ್ನು ನಿಲ್ಲಿಸಬೇಕು? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ಒಂದು ಪ್ರಶ್ನೆ ಎಸೆದರೆ ಎದುರಿನವನು ನೀರಿನ ಬಾಟಲಿ ಹುಡುಕುತ್ತಿದ್ದ. ನಮ್ಮ ಅವ್ವ ರೊಟ್ಟಿ ಬಡಿಯುವುದನ್ನು ಸಹ ನಿಲ್ಲಿಸಲಿಲ್ಲ.

"ಸೋಮಾರ ಬಸವಣ್ಣನ ವಾರ. ಎತ್ತಿಗೆ ನೊಗಾ ಹಚ್ಚಂಗಿಲ್ಲ, ಮಾರಿಗೆ ಕತ್ತಿ ಹಚ್ಚಂಗಿಲ್ಲ."

"ನಾ ಎತ್ತಲ್ಲ, ಅವ್ವಾ."

"ಎತ್ತರೆ ಹೇಳಿದ್ದ ಕೇಳತೈತಿ!"

ಈ ಚರ್ಚೆಗೆ ಅಂದು ಒಂದು ವಿಶೇಷ ಮಹತ್ವವಿತ್ತು. ಆ ಸೋಮವಾರವೇ ನಾವು ಸಿಂದಗಿಯಿಂದ ಬಸವನ ಬಾಗೇವಾಡಿಗೆ ಕನ್ಯಾ ನೋಡಲು ಹೋಗಬೇಕಿತ್ತು. ಹುಡುಗಿಯ ಹೆಸರು ಅಶ್ವಿನಿ, ಹೈಸ್ಕೂಲಿನಲ್ಲಿ ಟೀಚರು. ಫೋಟೋ ನೋಡಿದ ದಿನದಿಂದ ನಾನು ಯಾರೊಂದಿಗೂ ಜಗಳವಾಡಿರಲಿಲ್ಲ. ಓಣಿಯವರು ನನಗೆ ಜ್ವರ ಬಂದಿದೆ ಎಂದು ತಿಳಿದಿದ್ದರು. ಇದಕ್ಕೂ ಮೊದಲು ನಾಲ್ಕು ಕಡೆಯವರು ನನ್ನನ್ನು ಬೇಡವೆಂದಿದ್ದರು. ಇಂಡಿಯವರು, ಮುದ್ದೇಬಿಹಾಳದವರು, ತಾಂಬಾದವರು, ಝಳಕಿಯವರು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ನಾಲ್ಕು ಮನೆತನಗಳು, ಒಂದೇ ಮಾತು ಹೇಳಿ ಕಳಿಸಿದ್ದವು: "ಹುಡುಗ ಭಾಳ ವಾದಾ ಮಾಡ್ತಾನ."

ಹೀಗಾಗಿ ಅವ್ವ ನನಗೆ ಎರಡು ಷರತ್ತು ಹಾಕಿದ್ದಳು. ಒಂದು, ಭಾನುವಾರವೇ ದಾಡಿ ಮಾಡಿಸಿಕೊಳ್ಳಬೇಕು. ಎರಡು, ಬಾಗೇವಾಡಿಯಲ್ಲಿ ಬಾಯಿ ತೆರೆದರೆ ಅದು ಉಪ್ಪಿಟ್ಟಿಗೆ ಮಾತ್ರ.

ಎರಡನೆಯದಕ್ಕೆ ಒಪ್ಪಿದೆ. ಮೊದಲನೆಯದು ತತ್ವದ ಪ್ರಶ್ನೆ! ಭಾನುವಾರ ಎದುರಿನ ಮೌಲಾಸಾಬ ಕಾಕಾನ ಕಟಿಂಗ್ ಅಂಗಡಿಯಲ್ಲಿ ಇಡೀ ಸಿಂದಗಿಯೇ ಪಾಳಿ ಹಚ್ಚಿ ಕೂತಿರುತ್ತದೆ. ಏಕೆ? ಮರುದಿನ ಸೋಮವಾರ ಎಂಬ ಭಯಕ್ಕೆ. ಭಯದ ಪಾಳಿಯಲ್ಲಿ ವಿಚಾರವಾದಿ ನಿಲ್ಲಬಹುದೇ? ನಿಲ್ಲಲಿಲ್ಲ. ಅದೂ ಅಲ್ಲದೆ ನಾನು ಒಂದು ವಾರದ ಹಿಂದಷ್ಟೇ ಒಂದು ಸೇಫ್ಟಿ ರೇಜರ್ ತರಿಸಿದ್ದೆ. ಐದೈದು ಬ್ಲೇಡು ಜೋಡಿಸಿದ ಪ್ಲಾಸ್ಟಿಕ್ ರೇಜರುಗಳು ಗ್ರಾಹಕನಿಗೆ ಹಾಕುವ ಟೋಪಿ, ಒಂದೇ ಬ್ಲೇಡಿನ ಉಕ್ಕಿನ ರೇಜರೇ ಸತ್ಯ ಎಂದು ಮೂರು ವಿಡಿಯೋ ನೋಡಿ ಮನವರಿಕೆ ಮಾಡಿಕೊಂಡಿದ್ದೆ. ಮೂರರಲ್ಲೂ ಒಂದೇ ಮಾತು ಹೇಳಿದ್ದರು: ಎಲ್ಲವೂ ಇರುವುದು ಕೋನದಲ್ಲಿ. ಮೂವತ್ತು ಡಿಗ್ರಿ! ಹೆಚ್ಚಾದರೆ ರಕ್ತ, ಕಡಿಮೆಯಾದರೆ ಗಡ್ಡ ಹಾಗೇ.

ಇಷ್ಟು ಸ್ಪಷ್ಟವಾದ ವಿಜ್ಞಾನ ಕೈಯಲ್ಲಿದ್ದ ಮೇಲೆ ಹೆದರುವುದೇನಿದೆ? ಸೋಮವಾರ ಮುಂಜಾನೆ ಪಡಸಾಲೆಯ ಗೋಡೆಗೆ ಕನ್ನಡಿ ನೇತುಹಾಕಿ, ಮುಖದ ತುಂಬ ನೊರೆ ಹಚ್ಚಿ, ಬಲಗಲ್ಲದ ಮೇಲೆ ಅಂದಾಜು ಮೂವತ್ತು ಡಿಗ್ರಿಯಲ್ಲಿ ಮೊದಲ ಎಳೆತ ಎಳೆದೆ.

ಬಿಳಿ ನೊರೆಯ ನಡುವೆ ಕೆಂಪು ಗೆರೆ ಮೂಡಿತು.

"ನೋಡು!" ಎಂದಳು ಅವ್ವ ಅಡುಗೆಮನೆಯ ಬಾಗಿಲಿನಿಂದ. "ಸೋಮಾರ!"

ಓದುಗರು ಇಲ್ಲಿ ನನ್ನ ಸಂಕಟವನ್ನು ಅರ್ಥಮಾಡಿಕೊಳ್ಳಬೇಕು. ಬೇರೆಯವರಿಗೆ ಗಲ್ಲ ಕೊಯ್ದುಕೊಂಡರೆ ಅದು ಬರೀ ಗಾಯ. ನನಗೆ ಅದು ಎದುರು ಪಕ್ಷದ ಸಾಕ್ಷ್ಯ! ಅಲ್ಲಿಗೇ ನಿಲ್ಲಿಸಿದರೆ ಸೋಮವಾರ ಗೆದ್ದಂತೆ. ರಕ್ತ ಬಂದದ್ದು ಕೋನ ತಪ್ಪಿದ್ದರಿಂದ, ವಾರದಿಂದಲ್ಲ ಎಂದು ತೋರಿಸಲು ಒಂದೇ ಮಾರ್ಗವಿತ್ತು. ಅದೇ ಸೋಮವಾರ, ಅದೇ ಮುಖದ ಮೇಲೆ, ಸರಿಯಾದ ಕೋನದಲ್ಲಿ, ರಕ್ತವಿಲ್ಲದ ಒಂದೇ ಒಂದು ಎಳೆತ. ನಾನು ಅದನ್ನು ಹುಡುಕತೊಡಗಿದೆ. ಎರಡನೆಯ ಎಳೆತದಲ್ಲಿ ಸಿಗಲಿಲ್ಲ. ಐದನೆಯದರಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ನನ್ನ ಬಲಗಲ್ಲ ರಂಗಪಂಚಮಿ ಆಡಿ ಬಂದಂತಿತ್ತು.

ಆಗ ಕಾರು ತೆಗೆದುಕೊಂಡು ಬಂದವನು ನಮ್ಮ ಕಾಕಾ. ಭೂಮಾಪನದ ಕೆಲಸದಲ್ಲಿ ಮೂವತ್ತು ವರ್ಷ ಸರಪಳಿ ಎಳೆದು ನಿವೃತ್ತನಾದವನು. ಜಗತ್ತಿನಲ್ಲಿ ಅಳೆಯದೆ ಉಳಿದದ್ದನ್ನು ಕಂಡರೆ ಅವನಿಗೆ ಸಮಾಧಾನವಿಲ್ಲ.

"ಏನ್ಲೇ ಮಲ್ಲು, ಕನ್ಯಾ ನೋಡಾಕ ಹೊಂಟಿಯೋ, ಕುರಿ ಕೊಯ್ಯಾಕ ಹೊಂಟಿಯೋ?"

ಕೋನದ ಸಮಸ್ಯೆ ವಿವರಿಸಿದೆ. ಕಾಕಾನ ಕಣ್ಣು ಹೊಳೆದವು.

"ಅಂದಾಜ ಮ್ಯಾಲ ಹೊಕ್ಕೀಯಲ್ಲೋ ಹುಚ್ಚಾ! ಅಂದಾಜ ಮ್ಯಾಲ ನಾ ಹೊಲದ ಗಡಿಗೆ ಒಂದ ಬಾಂದಕಲ್ಲರೆ ಹಾಕೇನೇನು? ಅಳೀಬೇಕು! ತಗೋಂಬಾ ಕಂಪಾಸ್ ಪೆಟಗಿ."

ನನ್ನ ಹಳೆಯ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ಹೊರಬಂತು. ಕಾಕಾ ಅದನ್ನು ನನ್ನ ಗಲ್ಲಕ್ಕೆ ಒತ್ತಿಹಿಡಿದು, ಒಂದು ಕಣ್ಣು ಮುಚ್ಚಿ, ಹೊಲದ ಗಡಿ ನೋಡುವವನಂತೆ ಬಗ್ಗಿ ನಿಂತ.

"ನೂರಾ ಐವತ್ತು ಐತಿ!"

"ಕಾಕಾ, ಆ ಕಡಿಂದ ಓದಬ್ಯಾಡ್ರಿ. ಒಳಗಿನ ಸಾಲು ಓದ್ರಿ."

"ಒಳಗಿನ ಸಾಲ ಸೋಪಿನ್ಯಾಗ ಮುಚ್ಚೇತಿ. ಹ್ಞಾ, ಈಗ ಮೂವತ್ತು. ಅಲ್ಲೇ ಹಿಡಿ. ಅಳ್ಳಾಡಬ್ಯಾಡ. ಉಸರ ಬಿಡಬ್ಯಾಡ. ಎಳಿ!"

ಎಳೆದೆ. ಹಿಂದಿನ ಐದಕ್ಕಿಂತ ದೊಡ್ಡ ಗಾಯ! ಕಾಕಾ ಕೋನಮಾಪಕ ಒರೆಸುತ್ತ ವರದಿ ಕೊಟ್ಟ: "ಅಳತಿ ಬರೋಬ್ಬರಿ ಐತಿ. ಜಮೀನ ಸುಮಾರ ಐತಿ."

ಗದ್ದಲ ಕೇಳಿ ಎದುರಿನಿಂದ ಮೌಲಾಸಾಬ ಕಾಕಾ ಕೈಯಲ್ಲಿ ತುರಟಿ ಹಿಡಿದು ಓಡಿ ಬಂದ. ಕೊಯ್ದ ಜಾಗಕ್ಕೆ ತಿಕ್ಕುವ ಪಟಿಕದ ಕಲ್ಲು. ಅವನು ಅದನ್ನು ತಿಕ್ಕಿದ ಕ್ಷಣ ನಾನು ಹಾಕಿದ ಕೂಗಿಗೆ ನಮ್ಮ ಎಮ್ಮೆ ಎದ್ದು ನಿಂತಿತು.

"ತಮ್ಮಾ, ಕೋನ ಕಣ್ಣಿಂದ ನೋಡೂದಲ್ಲೋ, ಕಿವಿಂದ ಕೇಳೂದು," ಎಂದ ಮೌಲಾಸಾಬ ಕಾಕಾ. "ರೇಜರಿನ ತಲಿ ಗಲ್ಲಕ್ಕ ಒರಗಸು. ಹಿಡಿಕಿ ಮೆಲ್ಲಕ ಕೆಳಗ ಇಳಸ್ಕೋತ ಬಾ. ಚರ್ ಅಂತ ಕೂದಲಾ ಕಡದ ಸಪ್ಪಳ ಬಂತೋ, ಅಲ್ಲೇ ನಿಂದ್ರು. ಅದಾ ನಿನ್ನ ಕೋನ. ಒತ್ತಬ್ಯಾಡ, ಅದರ ಭಾರನ ಅದಕ್ಕ ಸಾಕು."

"ಕಾಕಾ, ಸಪ್ಪಳ ಅನ್ನೂದು ಕೇಳೋವನ ಅನುಭವ. ಅದು ಪುರಾವೆ ಆಗೂದಿಲ್ಲ. ನನಗ ಅಂಕಿ ಬೇಕು."

ಮೌಲಾಸಾಬ ಕಾಕಾ ನನ್ನ ಮುಖವನ್ನೊಮ್ಮೆ, ಕೋನಮಾಪಕವನ್ನೊಮ್ಮೆ ನೋಡಿದ. "ಬಾ, ಎರಡ ಮಿನಿಟಿನ್ಯಾಗ ನಾನಾ ಮಾಡಿ ಕಳಸ್ತೇನಿ. ರೊಕ್ಕಾನೂ ಬ್ಯಾಡ."

ಇಲ್ಲಿ ನಾನು ಒಪ್ಪಬಹುದಿತ್ತು. ಬುದ್ಧಿ ಇದ್ದವರು ಒಪ್ಪುತ್ತಿದ್ದರು. ನಾನು ಎಡಗಲ್ಲಕ್ಕೆ ನೊರೆ ಹಚ್ಚಿದೆ! ಒಂದು ಗಲ್ಲದ ಪ್ರಯೋಗದಿಂದ ತೀರ್ಮಾನಕ್ಕೆ ಬರುವುದು ಅವೈಜ್ಞಾನಿಕ. ಕಾಕಾ ಮತ್ತೆ ಅಳೆದ. ಬ್ಲೇಡು ನೊರೆಯಲ್ಲಿ ಮುಳುಗಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ರೇಜರಿನ ಹಿಡಿಕೆ. ಕಾಣದ್ದನ್ನು ನಂಬಬಾರದು ಎಂಬುದು ನನ್ನ ಸಿದ್ಧಾಂತ. ಆದ್ದರಿಂದ ಕಂಡ ಹಿಡಿಕೆಯನ್ನೇ ಗಲ್ಲದಿಂದ ಕರಾರುವಾಕ್ಕಾಗಿ ಮೂವತ್ತು ಡಿಗ್ರಿಗೆ ನಿಲ್ಲಿಸಿ ಎಳೆದೆ. ಎಡಗಡೆಯಲ್ಲೂ ಅದೇ ಫಲಿತಾಂಶ ಬಂತು. ಪ್ರಯೋಗ ಯಶಸ್ವಿ, ಮುಖ ಮಾತ್ರ ವಿಫಲ.

ಅವ್ವ ಹಳೆಯ ಪತ್ರಿಕೆ ಹರಿದು ಒಂಬತ್ತು ತುಣುಕು ಅಂಟಿಸಿದಳು. ಗದ್ದದ ಮೇಲೆ ಟೆಂಡರ್ ಪ್ರಕಟಣೆ ಬಂತು. ಬಲಗಲ್ಲಕ್ಕೆ ಹವಾಮಾನ.

"ಕಿಡಕಿ ಏರಸಲೇ," ಎಂದ ಕಾಕಾ ಕಾರಿನಲ್ಲಿ. "ಗಾಳಿಗೆ ಸುದ್ದಿ ಹಾರಾಕತ್ತಾವ."

ಬಾಗೇವಾಡಿ ಮುಟ್ಟುವ ಮೊದಲು ಕಾಗದ ಕಿತ್ತೆವು. ಐದು ಕಡೆ ಒಣಗಿತ್ತು. ನಾಲ್ಕು ಕಡೆ ಮತ್ತೆ ಶುರುವಾಯಿತು! ಕೊನೆಗೆ ಅವ್ವನ ಚೀಲದಲ್ಲಿದ್ದ ಅರಿಶಿನ ಹಚ್ಚಿಕೊಂಡು ಇಳಿದೆ. ಕನ್ಯಾ ನೋಡಲು ಬಂದ ವರ, ಮದುವೆ ಗೊತ್ತಾಗುವ ಮೊದಲೇ ಅರಿಶಿನ ಹಚ್ಚಿಕೊಂಡು ಬಂದದ್ದು ಆ ಊರಿನಲ್ಲಿ ಮೊದಲ ಸಲವಿರಬೇಕು.

ಹುಡುಗಿಯ ಅಪ್ಪ ನನ್ನ ಮುಖ ನೋಡಿ, ಸಜ್ಜನರಂತೆ ಗೋಡೆಯ ಗಡಿಯಾರ ನೋಡತೊಡಗಿದರು. ಹುಡುಗಿಯ ಅಜ್ಜಿ ಅಷ್ಟು ಸಜ್ಜನರಾಗಿರಲಿಲ್ಲ.

"ತಮ್ಮಾ, ದಾರ್ಯಾಗ ಎಲ್ಲಿಯರ ಬಿದ್ದಿಯೇನಪಾ?"

"ಜಾಲಿ ಕಂಟಿ ತರಚೇತ್ರಿ," ಎಂದ ಕಾಕಾ ತಡಮಾಡದೆ.

ಸುಳ್ಳು! ನನ್ನಿಂದ ತಡೆಯಲಾಗಲಿಲ್ಲ. "ಇಲ್ರಿ ಆಯಿ. ಮುಂಜಾನಿ ದಾಡಿ ಮಾಡ್ಕೊಂಡೆ."



"ಇವತ್ತ?" ಎಂದರು ಆಯಿ. "ಸೋಮಾರ?"

ಅವ್ವ ಕಣ್ಣಿನಿಂದಲೇ ನನ್ನ ಬಾಯಿಗೆ ಬೀಗ ಹಾಕಿದಳು. ಆದರೆ ಚರ್ಚೆಯ ವಿಷಯ ತಾನಾಗಿಯೇ ಎದುರು ಬಂದು ಕೂತಾಗ ಏನು ಮಾಡುವುದು? ಏಳು ನಿಮಿಷ ಮಾತಾಡಿದೆ. ಒಂದು ಘಟನೆಯ ಜೊತೆಗೆ ಇನ್ನೊಂದು ನಡೆದರೆ ಅದೇ ಇದಕ್ಕೆ ಕಾರಣ ಎನ್ನಲಾಗದು, ಮಂಗಳವಾರ ಕೊಯ್ದುಕೊಂಡವರಿಲ್ಲವೇ, ದೋಷ ವಾರದ್ದಲ್ಲ, ಕೋನದ್ದು ಎಂದು ಮಂಡಿಸಿ, ಉಪ್ಪಿಟ್ಟು, ಶಿರಾದ ತಟ್ಟೆಯ ಮುಂದೆ ವಿಜಯಿಯಂತೆ ಬೆವರು ಒರೆಸಿಕೊಂಡೆ. ಕರವಸ್ತ್ರ ಅರ್ಧ ಹಳದಿ, ಅರ್ಧ ಕೆಂಪು.

"ಯಾವ ಕೋನ್ರಿ?"

ಚಹಾದ ಟ್ರೇ ಹಿಡಿದು ಅಶ್ವಿನಿ ನಿಂತಿದ್ದಳು. ಫೋಟೋದಲ್ಲಿ ಇದ್ದದ್ದಕ್ಕಿಂತ ಚೆಂದ ಇದ್ದಳು. ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ, ಬದಲಿಗೆ ಕುತೂಹಲವಿತ್ತು.

"ಮೂವತ್ತು ಡಿಗ್ರಿ," ಎಂದೆ. "ಕೋನಮಾಪಕ ಹಚ್ಚಿ ಅಳದೇವಿ."

"ಎದರದ್ದು ಅಳದ್ರಿ? ಬ್ಲೇಡಿಂದೋ, ಹಿಡಿಕೀದೋ?"

ಕಾಕಾ ಹೆಮ್ಮೆಯಿಂದ, "ಹಿಡಿಕೀದವಾ! ನಾನಾ ಅಳದೇನಿ," ಎಂದ.

ಅಶ್ವಿನಿ ಟ್ರೇ ಕೆಳಗಿಟ್ಟಳು. ಒಂದು ಚಮಚ ತೆಗೆದುಕೊಂಡು ಅದರ ತುದಿಗೆ ಒಂದು ಬಿಸ್ಕೀಟನ್ನು ಅಡ್ಡ ಹಿಡಿದು, ಚಹಾ ಕಪ್ಪಿನ ಕೆಳಗಿನ ಬಸಿಯನ್ನು ತಲೆಕೆಳಗು ಮಾಡಿ ಅದರ ಮೇಲಿಟ್ಟಳು. "ಇದು ಗಲ್ಲ ಅಂತ ತಿಳೀರಿ. ಚಮಚ ಹಿಡಿಕಿ. ಬಿಸ್ಕೀಟ ಬ್ಲೇಡು. ಸೇಫ್ಟಿ ರೇಜರಿನ್ಯಾಗ ಬ್ಲೇಡು ಹಿಡಿಕಿಗೆ ಅಡ್ಡ ಕೂತಿರ್ತೈತಿ, ತೊಂಬತ್ತು. ಹಿಡಿಕಿ ಗಲ್ಲದಿಂದ ಮೂವತ್ತಕ್ಕ ಇಟ್ರ ಬ್ಲೇಡು ಎಷ್ಟಕ್ಕ ಬರ್ತೈತಿ?"

ಕಾಕಾ ಬೆರಳು ಮಡಚಿ ಎಣಿಸುತ್ತಿದ್ದ.

"ಅರವತ್ತು," ಎಂದಳು ಅವಳೇ. "ನಮ್ಮ ಎಂಟನೇ ಕ್ಲಾಸಿನ ಹುಡುಗೂರು ಹೇಳ್ತಾವ್ರಿ. ನೀವು ದಾಡಿ ಮಾಡ್ಕೊಂಡಿಲ್ಲ, ಕೆರಕೊಂಡೀರಿ." ಚಮಚ ಎಳೆದು ತೋರಿಸಿದಳು, ಬಿಸ್ಕೀಟು ಬಸಿಯ ಮೇಲೆ ಪುಡಿಯಾಗಿ ಬಿತ್ತು. ನನ್ನ ಗಲ್ಲ ತಾನಾಗಿ ಉರಿಯಿತು. "ನೀವು ಹೇಳಿದ್ದು ಖರೇನ ಐತಿ. ಸೋಮಾರದ್ದೇನು ತಪ್ಪಿಲ್ಲ. ತಪ್ಪು ನಿಮ್ದು."

ಹೀಗೆ ಹೇಳಿ ಅವಳು ನಕ್ಕಳು. ಈಗ ಯೋಚಿಸಿದರೆ, ಒಳ್ಳೆಯ ನಗುವೇ ಅದು.

ಆದರೆ ಆಗ ನನಗೆ ಕಂಡದ್ದು ನಗುವಲ್ಲ, ತೊಂಬತ್ತರಲ್ಲಿ ಮೂವತ್ತು ಕಳೆಯಲು ಬಾರದ ಪದವೀಧರ. ಬಹುಮಾನದ ಕಪ್ಪುಗಳನ್ನು ಇಡಲು ಬೇರೆ ಕಪಾಟು ಮಾಡಿಸಿದ ವಾಗ್ಮಿ! ಆಯಿ ಮುಂದಕ್ಕೆ ಬಾಗಿದರು.

"ಹಂಗಾರ ಕಡೀಕ ಏನಪಾ ತಮ್ಮಾ? ಕೋನಂತಿಯೋ, ಸೋಮಾರಂತಿಯೋ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೋನ ಎಂದರೆ ನಾನು ಗೆಲ್ಲುತ್ತಿದ್ದೆ. ಆದರೆ ದಡ್ಡನಾಗಿ ಗೆಲ್ಲಬೇಕಿತ್ತು. ಸೋಮವಾರ ಎಂದರೆ ತಪ್ಪು ಆಕಾಶದ ಮೇಲೆ ಹೋಗುತ್ತಿತ್ತು. ಅವ್ವನ ಮಾತೂ ಉಳಿಯುತ್ತಿತ್ತು, ಆಯಿಯೂ ಒಲಿಯುತ್ತಿದ್ದರು, ಮರ್ಯಾದೆಯೂ ಉಳಿಯುತ್ತಿತ್ತು.

ತಲೆ ತಗ್ಗಿಸಿದೆ. "ಏನೋರೀ ಆಯಿ... ಸೋಮಾರ ಕತ್ತಿ ಹಚ್ಚಬಾರದಾಗಿತ್ತು."

ಅವ್ವನ ಕಣ್ಣಲ್ಲಿ ನೀರು ಬಂತು. ಆಯಿ ನನ್ನ ತಟ್ಟೆಗೆ ಮತ್ತೊಂದು ಸೌಟು ಶಿರಾ ಬಡಿಸಿ, "ದೊಡ್ಡವರ ಮಾತ ತಿಳೀತೈತಿ ಹುಡುಗ್ಗ," ಎಂದರು. ಹುಡುಗಿಯ ಅಪ್ಪ ಗಡಿಯಾರ ಬಿಟ್ಟು ನನ್ನನ್ನು ನೋಡಿದರು. ಅಶ್ವಿನಿ ಬಸಿಯ ಮೇಲಿನ ಪುಡಿ ಒರೆಸಿಕೊಂಡು ಒಳಗೆ ಹೋದಳು. ಹೋಗುವಾಗ ನಗುತ್ತಿದ್ದಳೋ ಇಲ್ಲವೋ, ನಾನು ಶಿರಾದಲ್ಲಿದ್ದೆ.

ಮರಳುವ ದಾರಿಯುದ್ದಕ್ಕೂ ಅವ್ವ ಸೀರೆಗಳ ಬಗ್ಗೆ ಮಾತಾಡಿದಳು. "ಅವರು ಹೂಂ ಅಂದಂಗ," ಎಂದ ಕಾಕಾ. ನಾನೂ ಒಳಗೊಳಗೇ ಉಬ್ಬಿದ್ದೆ. ಸೋಲೊಪ್ಪಿಕೊಂಡು ಗೆದ್ದ ಮೊದಲ ಚರ್ಚೆ!

ಬುಧವಾರ ಕಾಕಾ ಬಂದ. ಕಟ್ಟೆಯ ಮೇಲೆ ಕೂತ.

"ಆಯಿಗೆ ಭಾಳ ಮನಸ್ಸಿಗೆ ಬಂದೀಯಂತ. ಅಪ್ಪಗೂ ಅಡ್ಡಿಯಿಲ್ಲಂತ. ಹುಡುಗಿ ಬ್ಯಾಡಂದ್ಳಂತ."

"ನನ್ನ ಮಾರಿ ನೋಡೇನ್ರಿ?"

"ಮಾರಿ ಆರ್ತೈತಿ ಬಿಡು ಅಂದ್ಳಂತ."

"ನಾ ವಾದಾ ಮಾಡಿದ್ದಕ್ಕೇನ್ರಿ?"

"ವಾದಾ ಚಲೋ ಮಾಡಾಕತ್ತಿದ್ರು, ಹೂಂ ಅನ್ನಬೇಕಂತ ಮಾಡಿದ್ದೆ ಅಂದ್ಳಂತ."

"ಮತ್ತೇನ್ರಿ ಕಾಕಾ?"

ಕಾಕಾ ಹೋಗಲು ಎದ್ದು ನಿಂತ. "ವಾರಾ ತಿಥಿ ಅನ್ನೂದ ನಮ್ಮ ಆಯಿ ಕಡಿಂದ ಕೇಳಿ ಕೇಳಿ ಸಾಕಾಗೇತಿ, ಇನ್ನ ಮೂಢನಂಬಿಕಿ ಇದ್ದ ಗಂಡನ್ನ ಎಲ್ಲಿ ಕಟಗೊಳ್ಳಿ... ಅಂದ್ಳಂತ."

ನಾಲ್ಕು ಮನೆಯವರು ನಾನು ವಾದ ಮಾಡುತ್ತೇನೆಂದು ಬೇಡವೆಂದಿದ್ದರು. ಐದನೆಯವಳು, ಒಂದೇ ಒಂದು ಸಲ ನಾನು ವಾದ ಬಿಟ್ಟದ್ದಕ್ಕೆ ಬೇಡವೆಂದಳು. ಅವ್ವನಿಗೆ ಇದನ್ನು ವಿವರಿಸಲು ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

ಅಂದಿನಿಂದ ನಾನು ಮುಖಕ್ಕೆ ಯಾವ ವಾರವೂ, ಯಾವ ಕೋನದಲ್ಲೂ ಬ್ಲೇಡು ತಾಗಿಸಿಲ್ಲ. ಗಡ್ಡ ಅಂಗಿಯ ಮೊದಲ ಗುಂಡಿಯವರೆಗೆ ಬಂದಿದೆ. ಹರಕೆ ಹೊತ್ತಿದ್ದೇನೆಂದು ತಿಳಿದು ಓಣಿಯ ಹಿರಿಯರು ದಾರಿಯಲ್ಲಿ ಕೈ ಮುಗಿಯುತ್ತಾರೆ. ನಾನೂ ಕೈ ಮುಗಿಯುತ್ತೇನೆ.