ನಮ್ಮ ಮಾವನ ಚೀನೀ ಶಾಪ

ನಮ್ಮ ತುರುವೇಕೆರೆ ಸೀಮೆಯಲ್ಲಿ ಶಾಪ ತಗುಲಿಸಿಕೊಂಡವರಿಗೇನು ಬರವೇ? ದಾಯಾದಿಗಳ ಶಾಪ, ನಾದಿನಿಯ ಶಾಪ, ಹಾವು ಕೊಂದ ಶಾಪ, ಒಂದೊಂದು ಮನೆಗೆ ಒಂದೊಂದು! ಆದರೆ ಚೀನೀ ಭಾಷೆಯಲ್ಲಿ ಶಾಪ ಹಾಕಿಸಿಕೊಂಡವರು ಇಡೀ ಜಿಲ್ಲೆಗೆ ನಮ್ಮ ಸೋದರಮಾವ ಒಬ್ಬರೇ. ಈ ಹೆಚ್ಚುಗಾರಿಕೆಯನ್ನು ಅವರಿಂದ ಯಾರೂ ಕಸಿದುಕೊಳ್ಳುವಂತಿರಲಿಲ್ಲ.

ನನ್ನ ತಾತ ಮಲಯಾದ ಪೆನಾಂಗಿನಲ್ಲಿ ರಬ್ಬರ್ ಕಂಪನಿಯೊಂದರ ಗುಮಾಸ್ತರಾಗಿದ್ದರು. ಮಗನನ್ನು ಅಲ್ಲಿನ ಇಂಗ್ಲಿಷರ ಶಾಲೆಯ ಹಾಸ್ಟೆಲಿಗೆ ಸೇರಿಸಿದ್ದರು. ಅಲ್ಲಿ ಓದುತ್ತಿದ್ದವರು ಹೆಚ್ಚಾಗಿ ಚೀನೀ ಸಾಹುಕಾರರ ಮಕ್ಕಳು. ಅವರನ್ನು ಅರ್ಧಂಬರ್ಧ ದೊರೆಗಳನ್ನಾಗಿ ಮಾಡಿ ಕಳಿಸುವುದೇ ಶಾಲೆಯ ಕಸುಬು. ಮೇಷ್ಟ್ರ ನಾಲಿಗೆಗೆ ಒಗ್ಗದ ಹೆಸರೆಲ್ಲ ಮೊದಲ ದಿನವೇ ಹೆನ್ರಿ, ಜಾರ್ಜ್, ಆಲ್ಫ್ರೆಡ್ ಆಗಿಬಿಡುತ್ತಿತ್ತಂತೆ. ಗೇಟಿನೊಳಗೆ ಯಾರಾದರೂ ಮನೆಮಾತು ಆಡಿದರೆ ಕೊರಳಿಗೆ ಮರದ ಹಲಗೆ, ಅಂಗೈಗೆ ಬೆತ್ತ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಹುಡುಗರು ಎಷ್ಟು ಮುಂದುವರಿಯುತ್ತಿದ್ದರೆಂದರೆ, ನೋಡಲು ಬಂದ ಸ್ವಂತ ಅಜ್ಜಿಯನ್ನೇ ಮನೆಕೆಲಸದವಳು ಎಂದುಬಿಡುತ್ತಿದ್ದರು. ನಮ್ಮ ಮಾವ ಅವರೆಲ್ಲರಿಗಿಂತ ಒಂದು ಕೈ ಮೇಲೆ. ಮನೆಮಾತು ಆಡಿದವರನ್ನು ಹಿಡಿದುಕೊಡುವ ಮಾನಿಟರ್ ಕೆಲಸ ಅವರದೇ!

ಎರಡನೇ ಮಹಾಯುದ್ಧ ಶುರುವಾಗುತ್ತಲೇ ತಾತ ಮಗನನ್ನು ಊರಿಗೆ ಕರೆತಂದರು. ಕರೆತಂದದ್ದು ಯಾರನ್ನು ಎಂಬುದು ನಮ್ಮಜ್ಜಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಾವ ರಾಗಿಮುದ್ದೆಯನ್ನು ಫೋರ್ಕಿನಿಂದ ತಿನ್ನಲು ಹೋದರು. ಮುದ್ದೆ ಫೋರ್ಕನ್ನು ಬಿಡಲಿಲ್ಲ, ಮಾವ ಹಟ ಬಿಡಲಿಲ್ಲ, ಹುರುಳಿ ಸಾರು ಮಾತ್ರ ತಣ್ಣಗಾಯಿತು. ತೆಂಗಿನಕಾಯಿ ಕೀಳಲು ಬಂದವರನ್ನು "ಜಂಟಲ್‌ಮೆನ್" ಎಂದು ಕೂಗಿದರು. ಅವರು ಅದನ್ನು ಯಾವುದೋ ಹೊಸ ಬೈಗುಳವೆಂದುಕೊಂಡು ಅರ್ಧಕ್ಕೇ ಇಳಿದು ಹೊರಟುಹೋದರು. ಸಾಮ್ರಾಜ್ಯದ ಕಚೇರಿಗೆಂದು ತಿದ್ದಿ ತೀಡಿದ ಮನುಷ್ಯ ಕಣ್ರೀ ಅವರು! ಸಾಮ್ರಾಜ್ಯವೇ ಗಂಟುಮೂಟೆ ಕಟ್ಟಿದ ಮೇಲೆ ನಮ್ಮೂರು ದಬ್ಬೇಘಟ್ಟದ ತೋಟದಲ್ಲಿ ಟೈ ಕಟ್ಟಿಕೊಂಡು ಒಬ್ಬರೇ ನಿಂತಿರುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಈಗ ನೆನೆಸಿಕೊಂಡರೆ ಸಂಕಟವಾಗುತ್ತದೆ.

ಶಾಪದ ಕತೆ ಇದು. ಶಾಲೆಯಲ್ಲಿ ಹೆನ್ರಿ ಎಂಬ ಹೆಸರಿನ ಚೀನೀ ಹುಡುಗ ಒಂದು ದಿನ ಮಾವನನ್ನು ವರಾಂಡದಲ್ಲಿ ತಡೆದು, ತನ್ನ ಭಾಷೆಯಲ್ಲಿ ಮೂರು ಶಬ್ದ ಅಂದನಂತೆ. ಮಾನಿಟರ್‌ಗೇ ಬೈಯುತ್ತಾನೆಯೇ ಎಂದು ಇವರು ನೆಟ್ಟಗೆ ಹೋಗಿ ದೂರು ಕೊಟ್ಟರು. ಹೆನ್ರಿಗೆ ಎಲ್ಲರೆದುರಿಗೆ ಬೆತ್ತದೇಟು ಬಿತ್ತು. ಅವತ್ತಿನಿಂದ ಅವನು ಇವರ ಜೊತೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಆ ಮೂರು ಶಬ್ದ ಮಾತ್ರ ಮಾವನ ಬೆನ್ನು ಹತ್ತಿ ಹಡಗಿನಲ್ಲಿ ಬಂದು, ತುರುವೇಕೆರೆ ಬಸ್ಸನ್ನೂ ಹತ್ತಿತು.

ಕೈಗೆ ಬಂದ ಸರ್ಕಾರಿ ಕೆಲಸ ತಪ್ಪಿತೇ? ಹೆನ್ರಿ. ಫಲ ಬಿಡುತ್ತಿದ್ದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತೇ? ಹೆನ್ರಿ. ಅತ್ತೆಗೆ ಹುಟ್ಟಿದ ಕೂಸು ಕಣ್ಣು ಬಿಡುವ ಮುಂಚೆ ಹೋಯಿತು, ಇನ್ನೊಂದೂ ಹಾಗೇ ಹೋಯಿತು. ಆಗ ಮಾವ ಹೆನ್ರಿಯ ಹೆಸರನ್ನೂ ಎತ್ತಲಿಲ್ಲ, ತೋಟದಲ್ಲಿ ಹೋಗಿ ಕೂತುಬಿಟ್ಟರು. ಅತ್ತೆಯೇ ಧೈರ್ಯ ಮಾಡಿ ಹುಳಿಯಾರಿನಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದರು. ಆತ ನಿಂಬೆಹಣ್ಣು, ಕುಂಕುಮ ಎಲ್ಲ ಹರಡಿಕೊಂಡು ಕೂತವನು, ಶಾಪ ಯಾವ ಭಾಷೆಯದು ಎಂದು ಕೇಳಿ, ಉತ್ತರ ಕೇಳಿದವನೇ ಗಂಟು ಕಟ್ಟತೊಡಗಿದ.

"ಕನ್ನಡದ್ದಾದ್ರೆ ತೆಗೀತೀನಿ, ತೆಲುಗಾದ್ರೂ ತೆಗೀತೀನಿ. ಅರ್ಥ ಗೊತ್ತಿಲ್ದಿದ್ನ ಹೆಂಗ್ ತೆಗೀಲಿ? ಬುಡು ಕಣಮ್ಮ," ಎಂದ.

ಪ್ರಾಮಾಣಿಕ ಮನುಷ್ಯ! ತಂದ ನಿಂಬೆಹಣ್ಣಿನಲ್ಲಿ ಅತ್ತೆ ಎಲ್ಲರಿಗೂ ಪಾನಕ ಮಾಡಿದರು.

ಎಪ್ಪತ್ತರ ದಶಕದ ಕೊನೆಗೆ ನಾನು ತಿಪಟೂರಿನಲ್ಲಿ ಬಿ.ಎ. ಓದುತ್ತಿದ್ದಾಗ ದವಡೆ ಹಲ್ಲು ಬಾತುಕೊಂಡಿತು. ಪೇಟೆಯಲ್ಲಿ ಆಗತಾನೆ ಚೀನೀ ಹಲ್ಲಿನ ಡಾಕ್ಟರೊಬ್ಬರು ಅಂಗಡಿ ತೆರೆದಿದ್ದರು. ಸುದ್ದಿ ಮಾವನ ಕಿವಿಗೆ ಬಿದ್ದದ್ದೇ ತಡ, ನನ್ನ ಹಲ್ಲಿನ ಮೇಲೆ ಅವರಿಗೆ ಎಲ್ಲಿಲ್ಲದ ಪ್ರೀತಿ ಬಂತು. ಕೋಟು, ಟೈ, ಪಾಲಿಶ್ ಮಾಡಿದ ಬೂಟು ಸಮೇತ ಮೊದಲ ಬಸ್ಸಿಗೇ ಬಂದಿಳಿದರು. ನಾನು ಕೆನ್ನೆ ಹಿಡಿದುಕೊಂಡು ನರಳುತ್ತಿದ್ದರೆ, ಇವರು ನನಗಿಂತ ಮುಂಚೆ ಅಂಗಡಿಯೊಳಗೆ ಹೊಕ್ಕು, ತಾವು ಪೆನಾಂಗಿನಲ್ಲಿ ಓದಿದವರು ಎಂದು ದೊರೆಗಳ ಇಂಗ್ಲಿಷಿನಲ್ಲಿ ಒಂದು ಪುಟ್ಟ ಭಾಷಣವನ್ನೇ ಮಾಡಿದರು.

ಡಾಕ್ಟರು ಕೈ ಒರೆಸಿಕೊಳ್ಳುತ್ತಾ, "ಕುತ್ಕಳಿ. ಬಾಯ್ ತೆಗೀರಿ," ಎಂದರು.

ಪಾಪ, ಅವರು ಹುಟ್ಟಿದ್ದು ಕಲ್ಕತ್ತದಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ. ಇಂಗ್ಲಿಷ್ ಅಷ್ಟಕ್ಕಷ್ಟೆ! ನನ್ನ ಹಲ್ಲು ಕಿತ್ತಾಯಿತು. ಬಾಯಲ್ಲಿ ಹತ್ತಿ ಇಟ್ಟುಕೊಂಡು ನಾನೆದ್ದೆ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಾವ ಏಳಲಿಲ್ಲ. ಟೈ ಸಡಿಲಿಸಿ, ಬಾಗಿಲಿನ ಕಡೆ ಒಮ್ಮೆ ನೋಡಿ, ನಾವ್ಯಾರೂ ಅವರ ಬಾಯಿಂದ ಕೇಳಿರದ ಆ ಮೂರು ಶಬ್ದಗಳನ್ನು ಮೆಲ್ಲಗೆ ಹೇಳಿದರು.

"ಚಿಯಾ ಪಾ ಬೋ."

ಇದು ಎಂಥ ಬೈಗುಳ, ಎಷ್ಟೇ ಕೆಟ್ಟದ್ದಾದರೂ ಮುಚ್ಚಿಡದೆ ಹೇಳಿ ಎಂದು ಕನ್ನಡದಲ್ಲಿ ಕೇಳಿಕೊಂಡರು.

ಡಾಕ್ಟರ ಮುಖ ಅರಳಿತು. "ನಮ್ಮಮ್ಮ ದಿನಾ ಕೇಳೋರು ಕಣ್ರೀ. ಊಟ ಆಯ್ತಾ ಅಂತ."

ಮಾವ ನನ್ನ ಕಡೆಗೂ ನೋಡದೆ, ಡಾಕ್ಟರ ಕಡೆಗೂ ನೋಡದೆ ಹೇಳಿದರು. "ಅವತ್ತು ಹಾಸ್ಟೆಲಲ್ಲಿ ಬರೀ ಮಾಂಸದಡಿಗೆ. ನಾನು ಉಪವಾಸ ಇದ್ದೆ. ಅದು ಗೊತ್ತಿದ್ದೋನು ಅವನೊಬ್ಬನೇ."

ಆಮೇಲೆ, ಆ ಮಾತಿಗೆ ಏನು ಉತ್ತರ ಕೊಡಬೇಕಿತ್ತು ಎಂದು ಕೇಳಿದರು. ಡಾಕ್ಟರು ಹೇಳಿಕೊಟ್ಟರು. ಮಾವ ಒಪ್ಪಿಸಿದರು. ತಪ್ಪಾಯಿತು. ಡಾಕ್ಟರು ತಿದ್ದಿದರು. ಮೊದಲ ದಿನ ಶಾಲೆಗೆ ಬಂದ ಹುಡುಗನ ಹಾಗೆ ಕೈಕಟ್ಟಿಕೊಂಡು ಮತ್ತೆ ಹೇಳಿದರು.

ಬಸ್ಸಿನಲ್ಲಿ ತುರುವೇಕೆರೆವರೆಗೂ ಕಿಟಕಿಯ ಕಡೆ ಮುಖ ಮಾಡಿ ಅದನ್ನೇ ಹೇಳಿಕೊಳ್ಳುತ್ತಿದ್ದರು. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ನನಗೆ ನಾಚಿಕೆಯಾಗಲಿಲ್ಲ. ಇಳಿಯುವ ಹೊತ್ತಿಗೆ ಚೀನೀ ಮಾತು ನಿಂತಿತ್ತು. ಕಿಟಕಿಯಾಚೆ ಯಾರೋ ನಿಂತಿದ್ದಾರೆ ಎಂಬಂತೆ, ನಮ್ಮೂರ ಮಾತಿನಲ್ಲೇ ಹೇಳುತ್ತಿದ್ದರು:

"ಇಲ್ಲ ಕಣ್ಲಾ, ಉಂಡಿಲ್ಲ. ನೀನು ಉಂಡ್ಯಾ?"