ಐದು ವರ್ಷದ ಶೇರ್ವಾನಿ

ಇದ್ದ ಮೈಗೆ ಬಟ್ಟೆ ಹೊಲಿಸುವವನು ದಡ್ಡ, ಮುಂದೆ ಬರಲಿರುವ ಮೈಗೆ ಹೊಲಿಸುವವನು ಜಾಣ. ಈ ಮಹಾತತ್ವ ಹೊಳೆದದ್ದು ಜಹೀರಾಬಾದಿನ ಕಿರಾಣಿ ಅಂಗಡಿಯಲ್ಲಿ ಕೂತ ಈ ಶಂಕ್ರೆಪ್ಪನಿಗೆ. (ಹೆಂಡತಿ ತಾರಾಬಾಯಿ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಬರೆಯುವಂಥದ್ದಲ್ಲ.)

ಮಗ ಶಾಂತಪ್ಪನಿಗೆ ಆಗ ಹನ್ನೆರಡು. ಜಿಲ್ಲೆಯ ದೊಡ್ಡ ಅಧಿಕಾರಿ ತಾಲೂಕುದಾರ ಸಾಹೇಬರು ಶಾಲೆಗೆ ಬಂದಾಗ ಅವನು ಶೇರ್ವಾನಿ ತೊಟ್ಟು ಉರ್ದು ಪದ್ಯ ಒಪ್ಪಿಸಬೇಕಿತ್ತು. ಹುಡುಗನೋ ತೊಗರಿಕಟ್ಟಿಗೆ! ಜ್ವಾಳದ ರೊಟ್ಟಿ ಬಡವರ ಊಟವೆಂದು ನಾನು ಮೂರು ಹೊತ್ತೂ ಬಿಳಿ ಅನ್ನ, ತಿಳಿಸಾರು ಮಾಡಿಸುತ್ತಿದ್ದೆ. ನಡುನಡುವೆ ನನ್ನ ಜೊತೆ ಅವನಿಗೂ ಚಹಾ.

"ಐದು ವರ್ಷ ನಡೀಬೇಕು, ಸಡ್ಲ ಇಡ್ರಿ," ಎಂದೆ ದರ್ಜಿ ಖಾಸೀಮಸಾಬರಿಗೆ.

"ಎಷ್ಟು ಸಡ್ಲ, ಶೇಟಜೀ?"

"ನನ್ನ ಅಳತಿ ತಗೋರಿ."

ಶೇರ್ವಾನಿ ಬಂತು, ಮಗನಿಗೆ ತೊಡಿಸಿದೆ. ತಾರಾಬಾಯಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಶಾಂತ್ಯಾ ಎಲ್ಲಿ ಹೋಗ್ಯಾನ್ರಿ?"

"ಒಳಗ ಅದಾನ."

"ಹಂಗಾರ ಹೊರಗ ಕರೀರಿ, ಉಸುರು ಕಟ್ಟೀತು!"

ದೇವರ ದಯೆ, ಸಾಹೇಬರು ಬರುವ ದಿನ ಮುಂದಕ್ಕೆ ಹೋಯಿತು. ತಾರಾಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಅರಿವಿ ಕತ್ತರಿಸಾಕ ನೀವು ಬಿಡಂಗಿಲ್ಲ. ಹುಡುಗನ್ನರ ಬೆಳಸ್ತೀನಿ." ಮರುದಿನವೇ ಮಗನನ್ನು ನಾರಾಯಣಖೇಡದ ತನ್ನ ತಾಯಿ ಈಶಮ್ಮನ ಮನೆಗೆ ಕಳಿಸಿದಳು. ಓದೂ ಅಲ್ಲೇ ಆಯಿತು, ರಜೆಗೂ ಅಜ್ಜಿ ಬಿಡಲಿಲ್ಲ; ಪದ್ಯ ಒಪ್ಪಿಸುವವರ ಪಟ್ಟಿಯಲ್ಲಿ ಮಾತ್ರ ಅವನ ಹೆಸರು ಇಲ್ಲಿನ ಶಾಲೆಯಲ್ಲೇ ಉಳಿಯಿತು. ಬೆಳಿಗ್ಗೆ ಎಮ್ಮೆ ಹಾಲು, ಮಧ್ಯಾಹ್ನ ಖಡಕ್ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಸಂಜೆ ಶೇಂಗಾ ಬೆಲ್ಲ. ಆ ಮುದುಕಿಯ ಮುಂದೆ 'ಸಾಕು' ಎನ್ನುವ ಶಬ್ದಕ್ಕೆ ಅರ್ಥವೇ ಇಲ್ಲ.

ಸಾಹೇಬರ ಸವಾರಿ ಮಳೆಗಾಲಕ್ಕೆ ಹೋಯಿತು, ಅಲ್ಲಿಂದ ಮರುವರ್ಷಕ್ಕೆ, ಮತ್ತೆ ಅದರ ಮರುವರ್ಷಕ್ಕೆ. ಕೊನೆಗೊಮ್ಮೆ ದಿನ ಗೊತ್ತಾದಾಗ, ಒಬ್ಬ ಗಡಸು ದನಿಯ ತರುಣ ಅಂಗಡಿಯ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದ. ನಾನು ಎದ್ದು ನಿಂತೆ. "ಬರ್ರಿ ಸಾಹೇಬ್ರ, ಏನು ಬೇಕಾಗಿತ್ರಿ?"

"ಅಪ್ಪಾ, ನಾ!" ಎಂದಿತು ಆ ದನಿ.

ಶೇರ್ವಾನಿಯ ತೋಳು ಅವನ ಮೊಣಕೈಗೇ ನಿಂತಿತು. ಗುಂಡಿಗಳು ದೂರದಿಂದ ಒಂದನ್ನೊಂದು ನೋಡಿದವು. ಐದು ವರ್ಷದ ಬಟ್ಟೆ ಐದು ನಿಮಿಷವೂ ನಡೆಯಲಿಲ್ಲ! ಅವನಿಗೆ ಸೋದರಮಾವನ ಶೇರ್ವಾನಿ ತರಿಸಿದ್ದಾಯಿತು. ಸಭೆಗೆ ನಾನು ತೊಡಬೇಕಿದ್ದ ನನ್ನ ಹಳೆಯ ಶೇರ್ವಾನಿಯನ್ನು ನುಸಿ ತಿಂದಿತ್ತು.

"ಇದು ನಿಮ್ಮ ಅಳತೀದ ಅಲ್ಲೇನ್ರಿ? ಹಾಕ್ಕೊಳ್ರಿ," ಎಂದಳು ತಾರಾಬಾಯಿ, ಮುಖದ ಮೇಲೆ ನಗುವಿನ ಸುಳಿವೂ ಇಲ್ಲದೆ.

ಸಭೆಯಲ್ಲಿ ಮಗ ಗುಡುಗಿದ. ಜನ ವಾಹ್ವಾ ಎಂದರು. ನನ್ನ ಎದೆ ಉಬ್ಬಿತು (ಗುಂಡಿ ಒಂದೂ ಹರಿಯಲಿಲ್ಲ). ದಪ್ಪ ಕನ್ನಡಕದ ಮುದಿ ಸಾಹೇಬರು ಅವನ ಬೆನ್ನು ತಟ್ಟಿ, ಪಕ್ಕದಲ್ಲಿದ್ದ ನನ್ನತ್ತ ಬಗ್ಗಿದರು. ಮೀಸೆ, ಎತ್ತರ ಎರಡೂ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ.

"ಬೇಟಾ, ನೀನೂ ಅಣ್ಣನ ಹಂಗ ಚೊಲೋ ಉಂಡು ದೊಡ್ಡವನಾಗು," ಎಂದು ತಲೆ ಸವರಿ, ಮಕ್ಕಳಿಗೆಂದು ತಂದ ಪೇಡೆ ಒಂದನ್ನು ನನ್ನ ಕೈಯಲ್ಲಿಟ್ಟರು.

ಹೆಂಗಸರ ಸಾಲಿನಲ್ಲಿ ತಾರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದು ಕಂಡಿತು. ಸರ್ಕಾರದವರ ಮಾತಿಗೆ ಎದುರು ಹೇಳಲಾದೀತೆ? ಕೈ ಮುಗಿದು ಪೇಡೆ ತಿಂದೆ. ಚೊಲೋ ಇತ್ತು.