ಗಣಿತದಲ್ಲಿ ಪಾಸಾದ ಹೆಂಡತಿಯ ತಮ್ಮ

ಹೊಟ್ಟೆಕಿಚ್ಚು ನನಗೆ ಎಲ್ಲರ ಮೇಲೂ ಬರುವುದಿಲ್ಲ. ಜಾಗೀರದಾರರ ಮೋಟಾರು ಮಕ್ತಲದ ಬಜಾರಿನಲ್ಲಿ ನನ್ನ ಒಗೆದ ಧೋತರಕ್ಕೆಲ್ಲ ಧೂಳೆಬ್ಬಿಸಿ ಹೋದರೂ, ಕೊಡವಿಕೊಂಡು 'ಒಳ್ಳೆಯ ಮೋಟಾರು' ಅಂದುಕೊಂಡು ಕಚೇರಿಗೆ ನಡೆಯುವವನು ನಾನು. ಆದರೆ ನಮ್ಮ ಮನೆಯ ರೊಟ್ಟಿ ಬುಟ್ಟಿಗೇ ಕೈಹಾಕುವವನು ನನಗಿಂತ ಒಂದು ಗೇಣು ಮೇಲೆ ಹೋದನೋ, ಮುಗಿಯಿತು. ಅಂದಿನಿಂದ ಉಂಡದ್ದು ಕೆಳಗಿಳಿಯುವುದಿಲ್ಲ. ನನ್ನ ಹೆಂಡತಿ ಹಂಪಮ್ಮ ಅದನ್ನು ವಾಯುವೆಂದು ತಿಳಿದು ಅಜವಾನದ ನೀರು ಕುದಿಸಿ ಕೊಡುತ್ತಾಳೆ. ಕುಡಿಯುತ್ತೇನೆ. 'ವಾಯುವಿನ ಹೆಸರು ಈರಣ್ಣ, ಅದು ನಿನ್ನ ತಮ್ಮ' ಎಂದು ಹೇಳುವುದು ಹೇಗೆ?

ಈರಣ್ಣ ಗದ್ವಾಲದವನು. ಓದುವ ನೆಪದಲ್ಲಿ ನಮ್ಮ ಮನೆಗೆ ಬಂದವನು ಉಣ್ಣುವ ನೆಪದಲ್ಲಿ ಉಳಿದುಕೊಂಡ. ನಾನು ತಹಸೀಲ ಕಚೇರಿಯಲ್ಲಿ ಅಹಲ್ಕಾರ, ಅಂದರೆ ಬೆಳಗಿನಿಂದ ಸಂಜೆಯವರೆಗೆ ಕಾಗದ ನಕಲು ಮಾಡುವವನು. ಉರ್ದು ನನಗೆ ನೀರು ಕುಡಿದಷ್ಟು ಸಲೀಸು. ಮ್ಯಾಟ್ರಿಕ್ಕಿನ ಉಳಿದೆಲ್ಲ ವಿಷಯಗಳೂ ಮೊದಲ ಸಲವೇ ದಾಟಿದ್ದವು. ಗಣಿತ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಮೂರನೆಯ ಸಲ ಈರಣ್ಣನೂ ನಾನೂ ಒಂದೇ ದಿನ ಅರ್ಜಿ ಹಾಕಿದ್ದರಿಂದ ನಂಬರುಗಳು ಒಂದರ ಹಿಂದೊಂದು ಬಂದವು. ನಾರಾಯಣಪೇಟೆಯಲ್ಲಿ ಪರೀಕ್ಷೆ. ಮುಂದಿನ ಬೆಂಚಿನಲ್ಲಿ ಅವನು, ಹಿಂದಿನ ಬೆಂಚಿನಲ್ಲಿ ನರೆತ ಮೀಸೆಯ ನಾನು. ನೀರು ಕೊಡುವವನು ನನ್ನನ್ನು ಮಾಸ್ತರನೆಂದು ತಿಳಿದು ಎರಡು ಸಲ ಸಲಾಮು ಹೊಡೆದ. ಅಂದು ನನಗೆ ಸಿಕ್ಕ ಮರ್ಯಾದೆ ಅಷ್ಟೇ.

ಹಿಂದಿರುಗುವಾಗ ಗಾಡಿಯಲ್ಲಿ ಈರಣ್ಣ ಕೇಳಿದ.

"ಮಾವಾ, ಹನ್ನೆರಡು ಮಂದಿ ಹದಿನೈದು ದಿನದಾಗ ಕಟ್ಟಿದ ಗ್ವಾಡಿ ಒಂಬತ್ತು ಮಂದಿ ಎಷ್ಟು ದಿನದಾಗ ಕಟ್ಟತಾರಂತ ಬರದ್ರಿ?"

"ಇಪ್ಪತ್ತು."

"ಇಪ್ಪತ್ತಾ? ನನಗ ಹನ್ನೊಂದೂಕಾಲು ಬಂತಲ್ರೀ! ಒಂದೂವರಿ ಪುಟ ಬರದೀನಿ."

"ಮೂರು ಮಂದಿ ಕಡಿಮಿ ಆದ್ರ ಕೆಲಸ ಲಗೂ ಮುಗೀತೈತೇನೋ ಹುಚ್ಚಪ್ಪಾ?"

"ಯಾರಿಗೆ ಗೊತ್ರಿ ಮಾವಾ, ಅವ್ರು ಒಳ್ಳೇ ಮಂದಿ ಇರಬೇಕು."

ನಮ್ಮ ಕಚೇರಿಯಲ್ಲಾದರೆ ಮೂವರು ಕಡಿಮೆಯಾದಾಗಲೇ ಕೆಲಸ ಬೇಗ ಮುಗಿಯುತ್ತದೆ, ಅದು ಬೇರೆ ಮಾತು. ಆದರೆ ಪರೀಕ್ಷೆಯ ಗೋಡೆಗೆ ಆ ನ್ಯಾಯ ನಡೆಯದು. ದಾರಿಯುದ್ದಕ್ಕೂ ಒಳಗೊಳಗೇ ಹಿಗ್ಗಿದೆ. ಅವನು ಈ ಸಲ ಹೋದ ಎಂದು ಕನಿಕರವೂ ಬಂತು. ದಾರಿಯಲ್ಲಿ ಅವನಿಗೆ ಪುಟಾಣಿ ಕಡಲೆ ಕೊಡಿಸಿದೆ.

ಫಲಿತಾಂಶ ಬಂದಾಗ ಅವನ ನಂಬರು ಇತ್ತು, ಅದರ ಮುಂದಿನದು ಇರಲಿಲ್ಲ. ಮುಂದಿನದು ನನ್ನದು.

ಮನೆಯಲ್ಲಿ ಹೋಳಿಗೆಯಾಯಿತು. ಹಂಪಮ್ಮ ಗದ್ವಾಲ ಸೀರೆ ಉಟ್ಟಳು. ನಮ್ಮ ಮದುವೆಯಾದ ಮೇಲೆ ನನ್ನ ಸಲುವಾಗಿ ಅದು ಪೆಟ್ಟಿಗೆಯಿಂದ ಹೊರಬಿದ್ದದ್ದು ನೆನಪಿಲ್ಲ. ತಮ್ಮನ ಹೋಳಿಗೆಯ ಮೇಲೆ ತುಪ್ಪ ಹೊಳೆಯಾಗಿ ಹರಿಯಿತು. ನನ್ನದರ ಮೇಲೆ ಚಮಚ ತೋರಿಸಿ ತೆಗೆದಳು. "ನೀವೂ ಒಂದೀಟು ಅವನಂಗ ಮನಸಿಟ್ಟು ಓದಿದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಉಳಿದರ್ಧವನ್ನು ಪಕ್ಕದ ಮನೆಯ ಯಲ್ಲಮ್ಮ ಕಟ್ಟೆಯ ಮೇಲೆ ಕೂತು ಪೂರ್ತಿ ಮಾಡಿದಳು.

ಮರು ಶುಕ್ರವಾರ ಕಚೇರಿಗೆ ವಾರದ ರಜೆ. ಯಾರಿಗೂ ಹೇಳದೆ ನಾರಾಯಣಪೇಟೆಗೆ ಹೋಗಿ ಗುರುತಿನ ಹಳೆಯ ಗಣಿತದ ಮಾಸ್ತರರ ಮುಂದೆ ನನ್ನ ಗೋಳು ತೋಡಿಕೊಂಡೆ. ಅವರು ಒಂದು ಲೆಕ್ಕ ಕೊಟ್ಟರು. ಅವರು ಮಾತು ಮುಗಿಸುವುದರೊಳಗೆ ಉತ್ತರ ಬರೆದಿಟ್ಟೆ.

"ಜವಾಬು ಬರೋಬರಿ ಐತಿ. ಮಾಡಿದ್ದು ಎಲ್ಲೈತಿ?"

"ತಲ್ಯಾಗ ಮಾಡೀನ್ರಿ."

"ತಲೀನ ಕಾಗದಕ್ಕ ಕಟ್ಟಿ ಕಳಿಸಾಕ ಬರೂದಿಲ್ರಿ! ಜವಾಬು ತಪ್ಪಿದ್ರೂ ಮಾಡಿದ ದಾರಿಗೆ ಅಂಕ ಕೊಡತಾರ, ದಾರಿ ಇಲ್ಲದ ಜವಾಬಿಗೆ ಕೊಡೂದಿಲ್ಲ. ಬರೀ ಜವಾಬು ಕಂಡ್ರ ನೋಡಾವ್ರು ಏನಂತಾರ? ಮುಂದ ಕುಂತವನದು ಕದ್ದು ಬರದಾನ ಅಂತಾರ. ನಿಮ್ಮ ಮುಂದ ಯಾರು ಕುಂತಿದ್ರು?"

ಈರಣ್ಣನದನ್ನು ನಾನು ಕದಿಯುವುದೇ! ಹನ್ನೊಂದೂಕಾಲನ್ನೇ?

ತಪ್ಪು ನನ್ನದಲ್ಲ, ಚಿಕ್ಕಂದಿನಲ್ಲಿ ನನಗೆ ಲೆಕ್ಕ ಕಲಿಸಿದ ಐಗಳದು. ನಮ್ಮೂರು ದಾಮರಗಿದ್ದದ ಗುಡಿಯ ಕಟ್ಟೆಯ ಮೇಲೆ ಅವರು ನಮಗೆ ಕಾಲು, ಅರ್ಧ, ಮುಕ್ಕಾಲು, ಒಂದೂವರೆಯ ಮಗ್ಗಿಗಳನ್ನು ಕುರಿ ಕಾಯುವವರ ಮಕ್ಕಳು, ಒಕ್ಕಲು ಮಕ್ಕಳು ಎನ್ನದೆ ಬಾಯಿಗೆ ಕಟ್ಟಿದ್ದರು. ಲೆಕ್ಕ ಹೇಳಿ ಮೂಗಿಗೆ ನಶ್ಯ ಏರಿಸುವರು. ಸೀನು ಬರುವುದರೊಳಗೆ ಉತ್ತರ ಬರಬೇಕು. ಬಳಪ ಮುಟ್ಟಿದರೆ ಬೆರಳಿನ ಗೆಣ್ಣಿಗೆ ಏಟು. ಬಳಪ ಮುಟ್ಟುವುದೆಂದರೆ ಊರ ಮುಂದೆ ಊರುಗೋಲು ಹಿಡಿದಂತೆ. ಅಂಥ ಐಗಳ ಶಿಷ್ಯ ಒಂದೂವರೆ ಪುಟ ಬರೆಯುವುದೆಂದರೇನು? ನಾಚಿಕೆಯಾಗುವುದಿಲ್ಲವೆ?

ನಾಚಿಕೆ ಬಿಡುವ ಕಾಲ ಬೇಗನೆ ಬಂತು. ತಹಸೀಲ್ದಾರರ ಮುಂದೆ ಕಾಗದ ಓದಿ ಹೇಳುವ ಪೇಷ್ಕಾರರು ಮುಂದಿನ ವರ್ಷ ಕೆಲಸ ಬಿಡುವವರಿದ್ದರು. ತಹಸೀಲ್ದಾರರು ನನ್ನನ್ನು ಕರೆದು, "ಈ ಸಲ ಪಾಸಾದ್ರ ಆ ಜಾಗ ನಿಮಗ. ಇಲ್ಲಾಂದ್ರ ನಿಮ್ಮ ಈರಣ್ಣನ ಅರ್ಜಿ ಬಂದೈತಿ" ಎಂದರು. ಅರ್ಜಿ ಹಾಕಿದ್ದನ್ನು ಅವನು ನನಗೆ ಹೇಳಿರಲಿಲ್ಲ, ನನ್ನ ಕಲ್ಲು ಪೆನ್ಸಿಲಿನಂಥ ಮುಖಕ್ಕೆ ಹೆದರಿ ಇರಬೇಕು. ಮನೆಯಲ್ಲಿ ನನ್ನ ಟವಲಿನಲ್ಲಿ ಮುಖ ಒರೆಸಿಕೊಳ್ಳುವವನಿಗೆ ಕಚೇರಿಯಲ್ಲಿ ಎದ್ದು ನಿಂತು 'ಸಾಹೇಬ್ರ' ಅನ್ನುವುದು ನೆನೆದೇ ಅಜವಾನದ ನೀರು ಎರಡು ಲೋಟ ಬೇಕಾಯಿತು.

ಅಂದು ಸಂಜೆ ನಾನೇ ಪಾಟಿ, ಬಳಪ ಹಿಡಿದು ಈರಣ್ಣನ ಮುಂದೆ ಚಾಪೆಯ ಮೇಲೆ ಕೂತೆ. ಅವನು ಮಂಚದ ಮೇಲೆ. ನನ್ನ ಮಂಚ. ಹುಡುಗ ಕೆಟ್ಟವನಲ್ಲ, ಅದೂ ನನಗೊಂದು ಸಂಕಟ. ಕೆಟ್ಟವನಾಗಿದ್ದರೆ ಹೊಟ್ಟೆ ಉರಿಯುವುದಕ್ಕೆ ಒಂದು ಆಧಾರವಾದರೂ ಇರುತ್ತಿತ್ತು.

"ಮಾವಾ, ಲಗೂ ಜವಾಬು ಹೇಳಬ್ಯಾಡ್ರಿ. ಗೊತ್ತಿಲ್ಲದವರಂಗ ಕುಂದರ್ರಿ."

"ಗೊತ್ತೈತಲ್ಲೋ!"

"ಅದನ್ನ ಬಿಡ್ರಿ ಮೊದಲ. ಒಬ್ಬವಂಗ ಎಷ್ಟು ದಿನ ಹಿಡೀತೈತಿ, ಅದನ್ನ ಬರೀರಿ. ಯಾಕಂತ ಬರೀರಿ. ಆಮ್ಯಾಲ ಒಂದು ಗೆರಿ ಎಳೀರಿ."

"ಗೆರಿ ಯಾಕ?"

"ಚಂದ ಕಾಣತೈತ್ರಿ."

ಐದನೆಯ ಸಾಲಿಗೆ ಬಂದಾಗ ಅವನು ಗುಣಿಸುವಲ್ಲಿ ಭಾಗಿಸುತ್ತಿದ್ದ. ಹೇಳಿದರೆ ನಕ್ಕು, "ಜವಾಬು ನಿಮ್ಮ ಕಡಿ ಇರಲಿ, ದಾರಿ ನನ್ನ ಕಡಿ ಇರಲಿ" ಅನ್ನುತ್ತಿದ್ದ. ಹಂಪಮ್ಮ ಒಳಗಿನಿಂದ, "ತಮ್ಮಾ, ನಿಧಾನಕ್ಕ ಹೇಳೋ, ಅವರಿಗೆ ತಲೀಗೆ ಹತ್ತಂಗಿಲ್ಲ" ಎಂದು ಕೂಗುವಳು. ನಾನು ಹಲ್ಲು ಕಚ್ಚಿ ಗೆರೆ ಎಳೆಯುತ್ತಿದ್ದೆ. ಹೀಗೆ ನಾಲ್ಕು ತಿಂಗಳು, ಉತ್ತರ ಗೊತ್ತಿದ್ದೂ ಗೊತ್ತಿಲ್ಲದವನಂತೆ ನಟಿಸುವುದನ್ನು ಕಲಿತೆ. ಕಚೇರಿಯಲ್ಲಿ ಹದಿನೆಂಟು ವರ್ಷ ಅದನ್ನೇ ಮಾಡಿದವನಿಗೆ ಪಾಟಿಯ ಮೇಲೆ ಮಾಡಲು ಯಾಕೆ ಅಷ್ಟು ಕಷ್ಟವಾಯಿತೋ ತಿಳಿಯದು.

ಪಾಸಾದೆ. ಪೇಷ್ಕಾರನೂ ಆದೆ. ಈರಣ್ಣ ತನ್ನ ಅರ್ಜಿಯನ್ನು ತಾನೇ ವಾಪಸು ತೆಗೆದುಕೊಂಡು ಮೊದಲು ಬಂದು ನನ್ನ ಕಾಲು ಮುಟ್ಟಿದ. ಆಗ ಸುಮಾರು ಕಾಲು ಗಂಟೆ ನನ್ನ ಹೊಟ್ಟೆ ತಣ್ಣಗಿತ್ತು.

ಆಮೇಲೆ ಹಂಪಮ್ಮ ಯಲ್ಲಮ್ಮನಿಗೆ ಹೇಳುವುದು ಕೇಳಿಸಿತು. "ನನ್ನ ತಮ್ಮ ಭಾಳ ಶಾಣ್ಯಾ ಅವ್ವಾ. ಇವರನ್ನೂ ಪಾಸು ಮಾಡಿಸಿಬಿಟ್ಟ!" ತಹಸೀಲ್ದಾರರೂ ಅದನ್ನೇ ಹೇಳಿದರು. ಈಗ ಮಕ್ತಲದಲ್ಲಿ ಗಣಿತದಲ್ಲಿ ಹೋದವರೆಲ್ಲ ಸಂಜೆ ನಮ್ಮ ಮನೆಗೇ ಬರುತ್ತಾರೆ, ಈರಣ್ಣನನ್ನು ಹುಡುಕಿಕೊಂಡು. ಪೇಷ್ಕಾರ ಸಾಹೇಬರು ಎದ್ದು ಅವರಿಗೆಲ್ಲ ಚಾಪೆ ಹಾಸುತ್ತಾರೆ. ನಾನು ನಾಲ್ಕು ಸಲ ಕಟ್ಟಿದ ಪರೀಕ್ಷೆಯಲ್ಲಿ ಲೆಕ್ಕ ಹಾಕಿ ನೋಡಿದರೆ ನಾನು ಪಾಸಾದದ್ದು ಒಂದು ಸಲವೂ ಇಲ್ಲ, ಈರಣ್ಣ ಮಾತ್ರ ಎರಡು ಸಲ. ಈ ಉತ್ತರ ಬಂದ ದಾರಿಯನ್ನು ಪೂರ್ತಿಯಾಗಿ ಬರೆದು ತೋರಿಸಿದ್ದೇನೆ. ನೋಡುವವರು ಇನ್ನಾದರೂ ಪೂರ್ಣ ಅಂಕ ಕೊಡಬೇಕು.